ಸಣ್ಣ ಸೂಜಿಯ ತೂತು

ಹೆಂಡತಿ: ತೂತು ಮಾಡಿದ್ರಾ? ನೀರು ಸೋಸೋ ಫಿಲ್ಟರಿನ ಕ್ಯಾಂಡಲ್‌ಗೆ?

ದರ್ಜಿ: ಒಂದೇ ಒಂದು. ಅದೂ ಅಂಗಡೀಲಿರೋ ಅತಿ ಸಣ್ಣ ಸೂಜೀಲಿ. ತೊಟ್ಟು ತೊಟ್ಟು ಬೀಳ್ತಿತ್ತು, ಈಗ ನೋಡು, ಹೇಗೆ ಸುರೀತಿದೆ!

ನಿಜಕ್ಕೂ ಸುರಿಯುತ್ತಿತ್ತು. ಮಗಳು ಕೂಸನ್ನೆತ್ತಿಕೊಂಡು ಇನ್ನೇನು ಬರಲಿದ್ದಳು. ಹೋದ ಸಲ ಕೂಸಿಗೆ ಭೇದಿ ಹಿಡಿದು, ಇನ್ನೊಮ್ಮೆ ಹೀಗಾದರೆ ಈ ಮನೆಯಲ್ಲಿ ಉಳಿಯುವುದಿಲ್ಲ ಎಂದು ಮುಖ ಊದಿಸಿಕೊಂಡು ಹೋದವಳು. ಈ ಸಲ ಅವಳನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದೇ ದರ್ಜಿ ಆ ಫಿಲ್ಟರ್ ತಂದಿದ್ದ. ಕೂಸನ್ನು ನೋಡದೆ ಅವನ ಜೀವ ಚಡಪಡಿಸುತ್ತಿತ್ತು.

ಹೆಂಡತಿ: ರೀ, ಕ್ಯಾಂಡಲ್‌ನ ತೂತು ಕಣ್ಣಿಗೆ ಕಾಣದಷ್ಟು ಸಣ್ಣದಿರೋದೇ ಕ್ರಿಮಿ ತಡೆಯೋಕೆ. ನಿಮ್ಮ ತೂತಲ್ಲಿ ಅವು ಸಂಸಾರ ಸಮೇತ ಬರ್ತವೆ.

ದರ್ಜಿ: ಆ ಸೂಜಿಗೆ ದಾರ ಪೋಣಿಸೋಕೆ ನನಗೇ ಕನ್ನಡಕ ಬೇಕು ಕಣೇ!

ಹೆಂಡತಿ: ಕ್ರಿಮಿಗೆ ಬೇಡ.

ದರ್ಜಿ ಲೋಟ ತುಂಬಿಸಿ ಕಿಟಕಿಯ ಬೆಳಕಿಗೆ ಹಿಡಿದ.

ದರ್ಜಿ: ಎಲ್ಲಿದೆ ಕ್ರಿಮಿ? ತೋರ್ಸು.

ಹೆಂಡತಿ: ಕಾಣೋ ಹಾಗಿದ್ರೆ ನಾನೇ ಹೆಕ್ಕಿ ಹಾಕ್ತಿದ್ದೆ. ತಳ ನೋಡಿ, ಮಣ್ಣೇ ಇಳಿದು ಬಂದಿದೆ.

ದರ್ಜಿ: ಕ್ಲೋರಿನ್ ಮಾತ್ರೆ ಹಾಕಿದ್ರಾಯ್ತು ಬಿಡು.

ಹೆಂಡತಿ: ಮೊದಲು ಸೋಸ್ಬೇಕು. ಇಲ್ಲಾಂದ್ರೆ ಮಣ್ಣಿನ ಕಣದ ಮರೇಲಿ ಅವಿತುಕೊಳ್ತವೆ, ಮಾತ್ರೆ ಅವನ್ನ ಮುಟ್ಟಲ್ಲ.

ದರ್ಜಿ: ಅಷ್ಟು ಸಣ್ಣ ಕಣದ ಹಿಂದೆ?

ಹೆಂಡತಿ: ಅವುಗಳ ಪಾಲಿಗೆ ಅದು ಮೂರಂತಸ್ತಿನ ಮನೆ. ನಾನು ಕುದಿಸ್ತೀನಿ.

ದರ್ಜಿ: ಕುದಿಸಿದ್ರೆ ಸಾಯ್ತವೆ, ಸರಿ. ಹೆಣ ಎಲ್ಲಿಗೆ ಹೋಗ್ತವೆ? ಕೂಸಿಗೆ ಹೆಣದ ನೀರು ಕುಡಿಸ್ತೀಯಾ?

ಹೆಂಡತಿ: ಸತ್ತವು ಏನೂ ಮಾಡಲ್ಲ. ಬದುಕಿರೋರದ್ದೇ ಕಾಟ.

ಈ ಮಾತನ್ನು ಅವಳು ಗಂಡನ ಮುಖ ನೋಡಿಯೇ ಹೇಳಿದಳು. ಬೇರೆ ನೀರು ಹಿಡಿದು, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಕೊತಕೊತ ಕುದಿಸಿ ಮುಚ್ಚಿಟ್ಟಳು. ಅಷ್ಟರಲ್ಲಿ ಬಾಗಿಲ ಸದ್ದಾಯಿತು.

ಮಗಳು (ಚಪ್ಪಲಿ ಬಿಡುವ ಮೊದಲೇ): ನೀರು ಕುದಿಸಿದ್ದೀರಾ?

ದರ್ಜಿ: ಕುದಿಸದೆ ಇರ್ತೀವಾ? ಫಿಲ್ಟರ್ ಒಂದನ್ನೇ ನಂಬಬೇಡ ಕಣೇ ಅಂತ ನಿಮ್ಮಮ್ಮನಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿಹೋಯ್ತು.

ಮಗಳ ಮುಖ ಅರಳಿತು. ಕೂಸನ್ನು ಅಜ್ಜನ ತೊಡೆಯ ಮೇಲೆ ಕೂರಿಸಿ, ಬ್ಯಾಗನ್ನು ಒಳಕೋಣೆಯಲ್ಲಿಟ್ಟು ಬಂದಳು. ಉಳಿಯುವುದು ಖಾತ್ರಿಯಾಯಿತು. ದರ್ಜಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೆಂಡತಿ ಫಿಲ್ಟರಿನ ನಲ್ಲಿ ತಿರುಗಿಸಿ, ಲೋಟದ ತುಂಬ ಹಿಡಿದು ತಂದು ಗಂಡನ ಮುಂದೆ ಚಾಚಿದಳು.

ಹೆಂಡತಿ (ಅವನಿಗಷ್ಟೇ ಕೇಳುವಂತೆ): ಗಂಟಲು ಒಣಗಿದೆ ಅಂದ್ರಲ್ಲ, ತಗೊಳ್ಳಿ. ಕುದಿಸಿದ್ದು ಕೂಸಿಗೆ. ಮಗಳು ನೋಡ್ತಿದ್ದಾಳೆ, ಗಟಗಟ ಕುಡೀರಿ.