ಅಫ್ಸರ ಮಾಸ್ತರನ ಮೂರು ಸಾಲು

ಶುಕ್ರವಾರ ನವನಗರದಲ್ಲಿ ನಡೆದ ತರಬೇತಿಗೆ ಅಫ್ಸರ ಮಾಸ್ತರ ಹೋಗದೆ ಇದ್ದಿದ್ದರೆ, ಶನಿವಾರ ಬೆಳಗ್ಗೆ ಇಳಕಲ್ಲಿನ ಆ ಓಣಿಯ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತ ಸುಖವಾಗಿ ಇರುತ್ತಿದ್ದರು. ಆದರೆ ಅವನು ಹೋದ. ಹೋದವನು ಮಧ್ಯಾಹ್ನದ ಊಟ ಮುಗಿಸಿ ಸುಮ್ಮನೆ ಬಸ್ಸು ಹತ್ತಿ ಬರಬಹುದಿತ್ತು. ಬಹಳ ಮಂದಿ ಹಾಗೇ ಮಾಡಿದರು. ಇವನು ಮಾತ್ರ ಕಿವಿಗೊಟ್ಟು ಕೇಳಿಬಿಟ್ಟ.

ಅಫ್ಸರ ಓಣಿಯ ಸರಕಾರಿ ಪ್ರಾಥಮಿಕ ಶಾಲೆಯ ದೈಹಿಕ ಶಿಕ್ಷಕ. ಸೀಟಿ ಊದಿದರೆ ಸೀಟಿಯೇ ಅವನನ್ನು ಊದಿದಂತೆ ಕಾಣುವಷ್ಟು ತೆಳ್ಳಗಿನ ಆಸಾಮಿ. ವರ್ಷಗಟ್ಟಲೆ ದೂರದ ಹಳ್ಳಿಯಲ್ಲಿ ದುಡಿದು, ಈ ಜೂನಿನಲ್ಲಷ್ಟೇ ಮನೆಯ ಹತ್ತಿರದ ಶಾಲೆಗೆ ವರ್ಗ ಮಾಡಿಸಿಕೊಂಡು ಬಂದಿದ್ದ. ಮೊನ್ನೆ ಮೊನ್ನೆ ಮದುವೆ ಬೇರೆ ಆಗಿತ್ತು. ಹೆಂಡತಿಯ ಕೈಯ ಚಹಾ ಕುಡಿದು, ಅದರ ಬಿಸಿ ನಾಲಗೆಯ ಮೇಲೆ ಇರುವಾಗಲೇ ಶಾಲೆ ಮುಟ್ಟುವ ಭಾಗ್ಯ ಎಷ್ಟು ಜನಕ್ಕೆ ಉಂಟು? ಈ ಭಾಗ್ಯ ಉಳಿಯಬೇಕಾದರೆ ಮೇಲಿನವರು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಬೇಕು ಎಂದು ಅವನು ನಂಬಿದ್ದ.

ತರಬೇತಿಯಲ್ಲಿ ಕನ್ನಡಕದ ಸಾಹೇಬರೊಬ್ಬರು ಮನುಷ್ಯರ ಮೈಕಟ್ಟು ಮೂರು ತರಹ ಎಂದು ವಿವರಿಸಿದ್ದರು. ದುಂಡು ಮೈ, ಗಟ್ಟಿ ಮೈ, ಸಣಕಲು ಮೈ. ಮಕ್ಕಳನ್ನು ಮೂರು ಸಾಲಿನಲ್ಲಿ ಬೇರೆ ಬೇರೆ ನಿಲ್ಲಿಸಿ, ಯಾವ ಮೈಗೆ ಯಾವ ಆಟ ಒಗ್ಗುತ್ತದೋ ಅದನ್ನು ಕಲಿಸಬೇಕು ಎಂದಿದ್ದರು. ನಾಳೆಯಿಂದಲೇ ಶಾಲೆಗಳಿಗೆ ಭೇಟಿ ಶುರು, ಯಾವ ಶಾಲೆ ಎಂದು ಮೊದಲೇ ತಿಳಿಸುವುದಿಲ್ಲ ಎಂದೂ ಹೆದರಿಸಿದ್ದರು.

ಅಫ್ಸರ ಶನಿವಾರ ಬೆಳಗ್ಗೆ ಪ್ರಾರ್ಥನೆ ಮುಗಿಯುವುದರೊಳಗೆ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಮೂರು ಉದ್ದನೆಯ ಗೆರೆ ಎಳೆದು, ಒಂದೊಂದಾಗಿ ಮಕ್ಕಳನ್ನು ನೋಡಿ ನೋಡಿ ನಿಲ್ಲಿಸತೊಡಗಿದ. ಜೋಳದ ದಂಟಿನಂಥ ಅರ್ಬಾಜ ಸಣಕಲು ಸಾಲಿಗೆ ಹೋದ. ಎದೆಯುಬ್ಬಿಸಿ ನಿಂತ ಹಣಮೇಶ ಗಟ್ಟಿ ಸಾಲಿಗೆ. ಎಂಟು ವರ್ಷದ ಮಹಾದೇವಿಯ ಮುಂದೆ ಬಂದಾಗ ಅಫ್ಸರ ಸ್ವಲ್ಪ ತಡೆದ. ಹುಡುಗಿ ಆಗ ತಾನೇ ಉಬ್ಬಿದ ಪೂರಿಯ ಹಾಗೆ ದುಂಡಗಿದ್ದಳು.

"ನೀ ಆ ಕಡಿ ಸಾಲಿಗೆ ಹೋಗವಾ."

"ಸರ್, ನಾ ದುಂಡೂ ಅದೇನಿ, ಗಟ್ಟೀನೂ ಅದೇನಿ. ಎರಡೂ ಸಾಲಿನಾಗ ಒಂದೊಂದು ಕಾಲ ಇಡ್ಲೇನ್ರಿ?"

"ಹಂಗೆಲ್ಲಾ ನಿಲ್ಲಾಕ ಬರಂಗಿಲ್ಲ."

ಅಷ್ಟರಲ್ಲಿ ನಲಿಕಲಿ ತರಗತಿಯ ಮಲ್ಲಮ್ಮ ಅಕ್ಕೋರು ವರಾಂಡದಲ್ಲಿ ನಿಂತು, "ಬರೋಬ್ಬರಿ ಆರಿಸೀರಿ ನೋಡ್ರಿ ಸರ್. ಮಹಾದೇವಿ ದುಂಡು ಸಾಲಿಗೆ ಮೊದಲನೇ ನಂಬರ್!" ಎಂದು ಕೂಗಿದರು. ಅಕ್ಕೋರ ದನಿಗೆ ಮೈಕು ಬೇಕಿರಲಿಲ್ಲ. ಪಕ್ಕದ ಮಗ್ಗಗಳ ಸದ್ದನ್ನೂ ದಾಟಿ ಅದು ಓಣಿಯ ಕೊನೆಯ ಮನೆಗೆ ತಲುಪಿತು. ಆ ಕೊನೆಯ ಮನೆಯೇ ಮಹಾದೇವಿಯದು.

ಅವಳ ಅಜ್ಜಿ ಶಿವಬಸವ್ವ ಕೈಗಂಟಿದ ಹಿಟ್ಟಿನೊಂದಿಗೇ ಬಂದಳು.

"ಏನೋ ಮಾಸ್ತರ, ನನ್ನ ಮೊಮ್ಮಗಳ ಮೈ ಮ್ಯಾಲೆ ಯಾಕ ಕಣ್ಣ ಹಾಕೀದಿ? ನಿಮ್ಮನಿ ರೊಟ್ಟಿ ತಿಂದು ದುಂಡಗ ಆಗ್ಯಾಳೇನು?"

"ಆಯಿ, ಇದು ಬೈಗುಳ ಅಲ್ರಿ. ಇದು ಶಾಸ್ತ್ರ. ದುಂಡು ಮೈಯವರಿಗೆ ಗುಂಡು ಎಸೆಯೋದು ಚೊಲೋ ಬರ್ತೈತಂತ."

"ಗುಂಡು ಎಸೀಲಿಕ್ಕೆ ಹೆಣ್ಣ ಹುಡುಗೀನ ಶಾಲಿಗೆ ಕಳಿಸೇವೇನು? ನಾಳೆ ಈಕಿ ಮದುವಿ ಮಾತ ಬಂದಾಗ, ದುಂಡು ಸಾಲಿನಾಗ ನಿಂತಾಕಿ ಅಂತ ಮಂದಿ ಆಡಿಕೊಂಡ್ರ ನೀ ಬಂದು ಬಾಯಿ ಮುಚ್ಚಸ್ತೀಯೇನು?"

ಎಂಟು ವರ್ಷದ ಹುಡುಗಿಯ ಮದುವೆಯ ಚಿಂತೆ ತನ್ನ ತಲೆಗೇಕೆ ಬಂತೆಂದು ಅಫ್ಸರನಿಗೆ ತಿಳಿಯಲಿಲ್ಲ. ಅವನು ಬಾಯಿ ತೆರೆಯುವುದರೊಳಗೆ ಗೇಟಿನಿಂದ ಅರ್ಬಾಜನ ತಾಯಿ ಜೋಹರಾ ಬಂದಳು. ಅವಳ ಕೈಯಲ್ಲಿ ಮಗ ತಿನ್ನದೆ ಬಿಟ್ಟುಬಂದ ನಾಷ್ಟಾದ ಡಬ್ಬಿ ಇತ್ತು.

"ಅಫ್ಸರಭಾಯ್, ನೀವೂ ನಮ್ಮವರಾಗಿ ಹಿಂಗ ಮಾಡೂದೇನು? ನನ್ನ ಮಗನ್ನ ಸಣಕಲು ಸಾಲಿನಾಗ ನಿಲ್ಲಿಸೀರಿ. ಹಾಲಿನಾಕಿ ಗೇಟಿನಾಗಿಂದ ನೋಡಿ ಬಂದು ಈಗ ಕೇಳಾಕತ್ತಿದ್ಲು, ಮನ್ಯಾಗ ಮಗಗ ಊಟಕ್ಕ ಹಾಕಂಗಿಲ್ಲೇನ ಅಂತ!"

"ಹಂಗಲ್ರಿ ಭಾಬಿ. ಸಣಕಲು ಮೈಯವರು ಭಾಳ ದೂರ ಓಡ್ತಾರಂತ..."

"ಓಡೋದು ಬ್ಯಾರೆ ಹೇಳ್ತೀರಾ? ಊಟಕ್ಕ ಕರದ್ರ ದಿನಾ ಓಣಿ ತುಂಬ ಓಡ್ತಾನ. ಬೆನ್ನ ಹತ್ತಿ ಬೆನ್ನ ಹತ್ತಿ ನಾ ಸಣಕಲ ಆಗೇನಿ!"

ಅಫ್ಸರ ಬೆವರು ಒರೆಸಿಕೊಂಡು ಮುಖ್ಯೋಪಾಧ್ಯಾಯ ಗುರಪ್ಪನವರ ಕಡೆಗೆ ಓಡಿದ. ಗುರಪ್ಪನವರು ಇನ್ನೇನು ನಿವೃತ್ತಿಯಾಗುವವರು. ಅಲ್ಲಿಯವರೆಗೆ ಯಾವ ಗದ್ದಲಕ್ಕೂ ತಮ್ಮ ಹೆಸರು ತಗಲದಿದ್ದರೆ ಸಾಕೆಂದು, ಕಿಟಕಿಯ ಪರದೆಯ ಸಂದಿಯಿಂದಲೇ ಎಲ್ಲವನ್ನೂ ನೋಡುತ್ತಿದ್ದರು.

"ಇಷ್ಟ್ಯಾಕ ತಲಿ ಕೆಡಿಸ್ಕೊತೀರಿ ಅಫ್ಸರ? ಎಲ್ಲಾರನ್ನೂ ನಡುವಿನ ಗಟ್ಟಿ ಸಾಲಿಗೆ ತಂದು ನಿಲ್ಲಸ್ರಿ. ಗಟ್ಟಿ ಅದಾನ ಅಂದ್ರ ಯಾವ ತಾಯಿ ಬ್ಯಾಡಂತಾಳ?"

ಮಾತು ಖರೆ ಎನಿಸಿತು. ಅಫ್ಸರ ಸೀಟಿ ಊದಿ ಎಲ್ಲರನ್ನೂ ಗಟ್ಟಿ ಸಾಲಿಗೆ ಎಳೆದ. ಶಿವಬಸವ್ವ ಸೆರಗು ಸರಿ ಮಾಡಿಕೊಂಡು ಹೋಗಲು ತಿರುಗಿದಳು. ಜೋಹರಾಳ ಮುಖವೂ ಅರಳಿತು. ಅಷ್ಟರಲ್ಲಿ ಮಲ್ಲಮ್ಮ ಅಕ್ಕೋರು ಮತ್ತೆ ಬಾಯಿ ತೆರೆದರು.

"ಯಾರು ಬಂದು ನಿಂತರೂ ಖರೆ ಗಟ್ಟಿ ಹಣಮೇಶನs ನೋಡ್ರಿ. ಏನ ಎದಿ, ಏನ ತೋಳು!"

ಹಣಮೇಶ ಅಲ್ಲಿಯೇ ಸೀನಿದ. ಸುಣ್ಣದ ಪುಡಿ ಮೂಗಿಗೆ ಹೋಗಿತ್ತೋ ಏನೋ, ಮತ್ತೊಮ್ಮೆ ಸೀನಿದ. ಗೇಟಿನ ಹತ್ತಿರ ಕಾಯಿಪಲ್ಯ ಕೊಳ್ಳುತ್ತಿದ್ದ ಅವನ ತಾಯಿ ರಾಮವ್ವ ಚೀಲ ಅಲ್ಲೇ ಒಗೆದು ಒಳಗೆ ನುಗ್ಗಿದಳು.

"ಅಯ್ಯ, ನನ್ನ ಮಗಗ ದೃಷ್ಟಿ ಹತ್ತಿತಲ್ಲೋ! ಇಷ್ಟ ಮಂದಿ ಮುಂದ ಗಟ್ಟಿ ಗಟ್ಟಿ ಅಂದ್ರ ಹುಡುಗ ಉಳದಾನೇನ್ರಿ? ಮದ್ಲ ಅವನ್ನ ಆ ಸಾಲಿನಿಂದ ತಗೀರಿ!"

"ಎಲ್ಲಿ ನಿಲ್ಲಿಸ್ಲಿ ತಂಗಿ, ನೀನs ಹೇಳು."

"ಎಲ್ಲೂ ಬ್ಯಾಡ!"

ಅಷ್ಟಕ್ಕೇ ಬಿಡಲಿಲ್ಲ. ಬಿಸಿಯೂಟದ ಕೋಣೆಗೆ ಹೋಗಿ ಒಂದು ಹಿಡಿ ಉಪ್ಪು, ಒಣ ಮೆಣಸಿನಕಾಯಿ ತಂದು ಮಗನಿಗೆ ನಿವಾಳಿಸಿ, ಒಯ್ದು ಒಲೆಗೆ ಹಾಕಿದಳು. ಕ್ಷಣದಲ್ಲಿ ಕಿಟಕಿಯಿಂದ ಹೊರಟ ಘಾಟು ಬಯಲನ್ನೆಲ್ಲ ತುಂಬಿತು. ಶಿವಬಸವ್ವ ಕೆಮ್ಮಿದಳು, ಜೋಹರಾ ಕೆಮ್ಮಿದಳು, ಪರದೆಯ ಹಿಂದೆ ಗುರಪ್ಪನವರು ಕೆಮ್ಮಿ ತಾವು ಅಲ್ಲಿರುವುದನ್ನು ತೋರಿಸಿಕೊಟ್ಟರು.

ಶಿವಬಸವ್ವ ಕೆಮ್ಮಿನ ನಡುವೆಯೇ ತೀರ್ಪು ಕೊಟ್ಟಳು. "ದೃಷ್ಟಿ ಹತ್ತಿದ್ರ ಘಾಟು ಬರಂಗಿಲ್ಲ ರಾಮವ್ವ. ಇಷ್ಟ ಘಾಟು ಬಂತಂದ್ರ ನಿನ್ನ ಮಗಗ ಏನೂ ಆಗಿಲ್ಲ ಬಿಡು."

ರಾಮವ್ವನ ಮುಖ ಇನ್ನೂ ಕೆಂಪಾಯಿತು. "ಅಂದ್ರ ನನ್ನ ಮಗನ ಮೈಗೆ ಯಾರ ಕಣ್ಣೂ ಹತ್ತಂಗಿಲ್ಲ ಅಂತೀಯೇನು? ಅವನ ಮೈ ಅಷ್ಟೂ ಚೊಲೋ ಇಲ್ಲೇನು?"

ಆ ಜಗಳ ಅಲ್ಲಿ ಹತ್ತಿಕೊಂಡಾಗ ಇಲ್ಲಿ ಮಕ್ಕಳು ಘಾಟಿಗೆ ಹೆದರಿ, ಕಟ್ಟಿ ಬಿಚ್ಚಿದ ಕುರಿಮರಿಗಳ ಹಾಗೆ ಚೆಲ್ಲಾಪಿಲ್ಲಿಯಾಗಿ ಓಡಿದವು. ಅವುಗಳ ಕಾಲಿಗೆ ಸಿಕ್ಕು ಸುಣ್ಣದ ಮೂರು ಗೆರೆಗಳೂ ಅಳಿಸಿ ಒಂದಾದವು. "ಸಾಲು! ನನ್ನ ಸಾಲು!" ಎಂದು ಅಡ್ಡ ಬಂದ ಅಫ್ಸರ ಸುಣ್ಣದ ಚೀಲಕ್ಕೆ ಎಡವಿ ಅದರ ಮೇಲೆಯೇ ಬಿದ್ದ. ಎದ್ದಾಗ ತಲೆಯಿಂದ ಬೂಟಿನವರೆಗೆ ಬೆಳ್ಳಗೆ, ಈಗಷ್ಟೇ ಬಳಿದು ನಿಲ್ಲಿಸಿದ ರಸ್ತೆಯ ಮೈಲಿಗಲ್ಲಿನ ಹಾಗೆ ಕಾಣುತ್ತಿದ್ದ.

ಅವನನ್ನು ನೋಡಿ ಮೊದಲು ನಕ್ಕವಳು ಮಹಾದೇವಿ. "ಸರ್ ಔಟ್!" ಎಂದು ಅವನನ್ನು ಮುಟ್ಟಿ ಓಡಿದಳು. ಅಷ್ಟು ಸಾಕಾಯಿತು. ಬಯಲಿನ ಆ ತುದಿಯಲ್ಲಿ, ಘಾಟು ಮುಟ್ಟದ ಜಾಗದಲ್ಲಿ, ಮುಟ್ಟಾಟ ಶುರುವಾಯಿತು. ಮಹಾದೇವಿ ಓಡಿದ ಓಟಕ್ಕೆ ಶಿವಬಸವ್ವ ಜಗಳ ಮರೆತು ಬಾಯಿ ತೆರೆದು ನಿಂತಳು. ಹಣಮೇಶ ಮಹಾದೇವಿಯ ಕೈಗೆ ಸಿಕ್ಕ. ಅರ್ಬಾಜ ಹಣಮೇಶನ ಸೊಂಟ ಹಿಡಿದು ಜೋತುಬಿದ್ದ, ಏನು ಮಾಡಿದರೂ ಬಿಡಲಿಲ್ಲ.

"ಹಿಡಿ ಬೇಟಾ, ಬಿಡಬ್ಯಾಡ!" ಎಂದು ಜೋಹರಾ ಚಪ್ಪಾಳೆ ತಟ್ಟಿದಳು.

"ಬಿಡಿಸ್ಕೊಳ್ಳಲೇ ಹಣಮ್ಯಾ!" ಎಂದು ರಾಮವ್ವ ಕೂಗಿದಳು. ದೃಷ್ಟಿಯ ಮಾತು ಅವಳಿಗೂ ನೆನಪಿರಲಿಲ್ಲ.

ಇದೇ ಹೊತ್ತಿಗೆ ಗೇಟಿನ ಮುಂದೆ ಜೀಪು ನಿಂತಿತು. ಇಳಿದವರು ಕನ್ನಡಕದ ಸಾಹೇಬರಲ್ಲ, ದೊಡ್ಡ ಮೀಸೆಯ ಬೇರೊಬ್ಬ ಸಾಹೇಬರು. ಅಫ್ಸರ ಸುತ್ತ ಕಣ್ಣಾಡಿಸಿದ. ಸಾಲಿಲ್ಲ, ಶಿಸ್ತಿಲ್ಲ, ಹೆಂಗಸರ ಸಂತೆ, ಮೆಣಸಿನಕಾಯಿ ಘಾಟು, ತಾನೋ ಸುಣ್ಣದ ಗೊಂಬೆ. ಮನೆಯ ಬಿಸಿ ಚಹಾ ಕಣ್ಣ ಮುಂದೆ ಬಂದು ತಣ್ಣಗಾಯಿತು.

ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಬಹಳ ಹೊತ್ತು ಆಟ ನೋಡಿದರು. ಆಮೇಲೆ ಅಫ್ಸರನ ಬೆನ್ನು ತಟ್ಟಿದರು. ಒಂದು ಮುಷ್ಟಿ ಸುಣ್ಣ ಹಾರಿತು.

"ಶಾಭಾಷ್ ಮಾಸ್ತರ! ದಪ್ಪ ಇದ್ದವರು, ತೆಳ್ಳಗ ಇದ್ದವರು ಎಲ್ಲಾ ಕೂಡಿ ಆಡಾಕತ್ತಾರ. ತಾಯಂದಿರನ್ನೂ ಕರೆಸೀರಿ. ಇಡೀ ತಾಲೂಕಿನಾಗ ತರಬೇತಿ ಖರೆ ತಿಳಕೊಂಡವರು ಅಂದ್ರ ನೀವೊಬ್ರs."

ಇಲ್ಲಿಗೆ ಸುಮ್ಮನಿದ್ದರೆ ಕತೆ ಮುಗಿಯುತ್ತಿತ್ತು. ಗುರಪ್ಪನವರು ಪರದೆಯ ಸಂದಿಯಿಂದ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು ಕೂಡ. ಆದರೆ ಅಫ್ಸರ ಮೇಲಿನವರ ಮುಂದೆ ಏನನ್ನೂ ಮುಚ್ಚಿಟ್ಟವನಲ್ಲ.

"ತಪ್ಪಾತ್ರಿ ಸಾಹೇಬ್ರ," ಎಂದು ಕೈ ಮುಗಿದ. "ಮುಂಜಾನೆ ಮೂರು ಸಾಲು ಬರೋಬ್ಬರಿ ಹಾಕಿದ್ದೆ. ಗದ್ದಲಾಗಿ ಅಳಿಸಿ ಹೋದವ್ರಿ. ಸೋಮವಾರ ಮತ್ತ ಹಾಕ್ತೇನ್ರಿ."

"ಯಾವ ಮೂರು ಸಾಲು?"

"ದುಂಡು, ಗಟ್ಟಿ, ಸಣಕಲು ಅಂತ್ರಿ."

ಸಾಹೇಬರ ಮೀಸೆ ನಿಂತಲ್ಲೇ ನಿಂತಿತು. "ನಿನ್ನೆ ನೀವು ಯಾವ ಹಾಲಿನಾಗ ಕೂತಿದ್ರಿ?"

"ಫ್ಯಾನ್ ತಿರಗತಿತ್ತಲ್ರಿ, ಆ ಹಾಲಿನಾಗ್ರಿ."

"ಅದು ಹೈಸ್ಕೂಲಿನವರ ಹಾಲ್‌ರಿ ಮಾರಾಯ! ಪ್ರಾಥಮಿಕದವರಿಗೆ ಬಾಜೂ ಹಾಲಿನಾಗ ನಾ ಹೇಳಿದ್ದು. ಸಣ್ಣ ಮಕ್ಕಳ ಮೈ ಇನ್ನೂ ಬೆಳೀತಿರ್ತೈತಿ. ಇವತ್ತು ದುಂಡಗ ಇದ್ದಾಕಿ ನಾಳೆ ಉದ್ದ ಆಗ್ತಾಳ, ಸಣಕಲ ಇದ್ದಾಂವ ತುಂಬಿಕೊಂತಾನ. ವಯಸ್ಸಿಗೆ ಬರೂತನಕ ಅವರ ಮೈಗೆ ಹೆಸರ ಇಡಬ್ಯಾಡ್ರಿ, ಬರೇ ಆಡಸ್ರಿ ಅಂತ ಗಂಟಲ ಹರಕೊಂಡೆ!"

ಹೆಂಗಸರೆಲ್ಲ ಒಟ್ಟಿಗೆ ಅಫ್ಸರನ ಕಡೆ ನೋಡಿದರು. ಆ ನೋಟಕ್ಕಿಂತ ಮೆಣಸಿನಕಾಯಿ ಘಾಟೇ ವಾಸಿ ಎನಿಸಿತು.

"ಸಾಹೇಬ್ರ, ನನ್ನ ವರ್ಗ ಮಾತ್ರ ಮಾಡಬ್ಯಾಡ್ರಿ," ಎಂದು ಅಫ್ಸರ ಸಣ್ಣ ದನಿಯಲ್ಲಿ ಹೇಳಿದ.

ಸಾಹೇಬರು ನಕ್ಕುಬಿಟ್ಟರು. "ವರ್ಗ ಯಾಕ್ರಿ? ಒಂದು ನಮೂನಿ ಚೊಲೋನs ಆತು. ಈ ರಸ್ತೆ ಆ ಕಡಿ ಹೈಸ್ಕೂಲ್ ಐತೆಲ್ಲ, ಅಲ್ಲಿ ಪಿ.ಟಿ. ಮಾಸ್ತರ ನಿನ್ನೆ ತರಬೇತಿಗೆ ಬಂದಿದ್ರು. ತಮ್ಮ ಕುರ್ಚಿ ಮ್ಯಾಲೆ ಯಾರೋ ಕೂತಾರಂತ ಹೇಳಿ ತಿರುಗಿ ಮನಿಗೆ ಹೋದ್ರು. ಆ ಪಾಠ ಬಲ್ಲವರು ಈ ಭಾಗದಾಗ ಈಗ ನೀವೊಬ್ರs. ಸೋಮವಾರ ಹೋಗಿ ಅಲ್ಲಿ ಮಕ್ಕಳನ್ನ ಮೂರು ಸಾಲಿನಾಗ ನಿಲ್ಲಿಸಿಕೊಟ್ಟು ಬರ್ರಿ. ಆರ್ಡರ್ ಕಳಿಸ್ತೇನಿ."

ವರ್ಗವಿಲ್ಲ! ಅಫ್ಸರ ಸುಣ್ಣದ ಮುಖದಲ್ಲೇ ನಗುತ್ತ ಸಾಹೇಬರನ್ನು ಜೀಪಿನವರೆಗೆ ಬಿಟ್ಟು ತಿರುಗಿದ. ತಿರುಗಿದರೆ ಮನೆಗೆ ಹೊರಟಿದ್ದ ಮೂವರು ಹೆಂಗಸರೂ ಗೇಟಿನಲ್ಲಿ ಅಡ್ಡ ನಿಂತಿದ್ದರು.

"ಹೈಸ್ಕೂಲಿನಾಗ ನನ್ನ ದೊಡ್ಡ ಮಗ ಅದಾನ ಭಾಯ್," ಎಂದಳು ಜೋಹರಾ. "ಅರ್ಬಾಜನs ಅವನ ಮುಂದ ದಪ್ಪ ಅನ್ನಬೇಕು."

"ನನ್ನ ಹಿರೇಮಗಾನೂ ಅಲ್ಲೇ," ಎಂದಳು ರಾಮವ್ವ. "ಗಟ್ಟಿ ಅಂತ ಒಂದು ಮಾತ ಬಂತಂದ್ರ ನೋಡ್ರಿ ಮತ್ತ."

ಶಿವಬಸವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಮಹಾದೇವಿ ಅಕ್ಕ ಅಲ್ಲಿ ಹತ್ತನೇತ್ತ ಅದಾಳ. ವಯಸ್ಸಿಗೂ ಬಂದಾಳ, ಗಂಡಿನವರೂ ಬಂದು ನೋಡಿ ಹೋಗ್ಯಾರ. ಮೈ ಮಾತ್ರ ಈಕಿಕಿಂತ ಒಂದ ಕೈ ಮುಂದs. ಈಗ ಹೇಳು ಮಾಸ್ತರ, ಅಕೀನ್ನ ಯಾವ ಸಾಲಿನಾಗ ನಿಲ್ಲಸ್ತಿ?"

ಅಫ್ಸರ ಗಾಬರಿಯಿಂದ ಹಿಂದಿರುಗಿ ನೋಡಿದ. ಸಾಹೇಬರ ಜೀಪು ಆಗಲೇ ಹುನಗುಂದದ ದಾರಿ ಹಿಡಿದಿತ್ತು.