ಕಿವಿರು ನೋಡದೆ ಬಿಡುವವಳಲ್ಲ

ಮನುಷ್ಯರನ್ನು ನಂಬುವುದರಲ್ಲಿ ನಾನು ಬಹಳ ಉದಾರಿ. ಸಿಲಿಂಡರ್ ಈಗ ಬಂತು ಎನ್ನುವವನನ್ನು ನಂಬುತ್ತೇನೆ, ಲಿಫ್ಟ್ ನಾಳೆ ಸರಿಯಾಗುತ್ತದೆ ಎನ್ನುವ ನಮ್ಮ ಬಿಲ್ಡಿಂಗಿನ ಸೆಕ್ರೆಟರಿಯನ್ನೂ ನಂಬುತ್ತೇನೆ. ಮೀನನ್ನು ಮಾತ್ರ ನಂಬುವುದಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಟೇಬಲ್ ಮ್ಯಾನರ್ಸ್, ಪೋಸ್ಚರ್, ಪಿಯಾನೋದಲ್ಲಿ ಒಂದೆರಡು ಟ್ಯೂನು ಎಲ್ಲ ಕಲಿಸಿದ್ದರು. ಅವೆಲ್ಲ ಎಲ್ಲಿ ಉದುರಿಹೋದವೋ, ಅವನ್ನು ಕಲಿತ ಆ ಹುಡುಗಿಯ ಹಾಗೆಯೇ. ಉಳಿದದ್ದು ಅಮ್ಮ ಕಲಿಸಿದ್ದು ಒಂದೇ: ಮೀನಿನ ಕಿವಿರು ಎತ್ತಿ ನೋಡುವುದು. ಕೆಂಪಗಿದ್ದರೆ ಫ್ರೆಶ್, ಕಂದಿದ್ದರೆ ಪಕ್ಕದ ಬುಟ್ಟಿ. ಸಾಂತಾಕ್ರೂಜ್ ಮಾರ್ಕೆಟಿನ ಮೀನು ಮಾರುವ ಮೌಶಿಯರು ಕೆಂಪು ಕೊಡೆಯ ಕೆಳಗೆ ಬುಟ್ಟಿ ಇಟ್ಟು ಕೂರುತ್ತಾರಲ್ಲ, ಆ ನೆರಳಿನಲ್ಲಿ ಮೊನ್ನೆಯ ಮೀನಿಗೂ ಮದುಮಗಳ ಕಳೆ ಬರುತ್ತದೆ. ನನ್ನ ಹತ್ತಿರ ಅದು ನಡೆಯುವುದಿಲ್ಲ. ಮೀನನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತಂದೇ ಪರೀಕ್ಷೆ. ನಾನು ಬರುವುದು ಕಂಡರೆ ಮೌಶಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅದನ್ನು ಗೌರವ ಎಂದೇ ನಾನು ತಿಳಿದುಕೊಂಡಿದ್ದೇನೆ.

ನಮ್ಮವರದು ಬೇರೆಯೇ ಕಥೆ. ಆಯುಷ್ಯವಿಡೀ ಪ್ಯೂರ್ ವೆಜ್ ಹೋಟೆಲ್ ನಡೆಸಿ, ಊರಿಗೆಲ್ಲ ಇಡ್ಲಿ ಸಾಂಬಾರ್ ಬಡಿಸಿ, ಮನೆಗೆ ಬಂದ ಕೂಡಲೇ "ಮೀನು ಏನುಂಟು?" ಎಂದು ಕೇಳುವ ಮನುಷ್ಯ. ಹೋಟೆಲನ್ನು ಬಿಟ್ಟುಕೊಟ್ಟ ಮೇಲೆ, ಗಲ್ಲಾದಲ್ಲಿ ಕೂತು ಅಭ್ಯಾಸವಾದ ಆ ಬೆನ್ನಿಗೆ ಮನೆಯ ಸೋಫಾ ಒಗ್ಗಲಿಲ್ಲ. ಬಾಲ್ಕನಿಯಲ್ಲಿ ನಿಂತು, ರಸ್ತೆಯಲ್ಲಿ ಹೋಗುವವರನ್ನೆಲ್ಲ ತಿಂಡಿ ತಿನ್ನದೆ ಹೋಗುವ ಗಿರಾಕಿಗಳಂತೆ ನೋಡುತ್ತಿದ್ದರು. ಅದನ್ನು ನೋಡಲು ನನಗೇ ಆಗುತ್ತಿರಲಿಲ್ಲ. ಆಮೇಲೆ ಎಲ್ಲಿಂದಲೋ ಒಂದು ಗಾಳದ ಕೋಲು ತಂದರು. ಭಾನುವಾರ ಬಂತೆಂದರೆ ದಾದರಿನಲ್ಲಿ ಲೋಕಲ್ ಟ್ರೇನು ಬದಲಿಸಿ ಬದ್ಲಾಪುರಕ್ಕೆ ಹೋಗುವುದು, ಉಲ್ಹಾಸ್ ನದಿಯಲ್ಲಿ ಒಂದು ದೋಣಿ ಗೊತ್ತುಮಾಡಿ ಕೂರುವುದು, ಸಂಜೆ ಬರಿಗೈಯಲ್ಲಿ ಬರುವುದು. ಮೀನು ಬರಲಿಲ್ಲ, ಆದರೆ ಮುಖಕ್ಕೆ ಹಳೆಯ ಲಕ್ಷಣ ಬಂತು. ನನಗೆ ಅಷ್ಟೇ ಸಾಕಿತ್ತು.

ಸಾಕಾಗದೆ ಇದ್ದದ್ದು ನನ್ನ ಮೈದುನ ಸುಧಾಕರನಿಗೆ. "ಅಣ್ಣಾ, ನಿಮ್ಮ ಗಾಳಕ್ಕೆ ಮೀನುಗಳೀಗ ಗುಡ್ ಮಾರ್ನಿಂಗ್ ಹೇಳಿ ಹೋಗ್ತವಂತೆ, ಹೌದಾ?" ಎಂದು ಶುರುಮಾಡಿದವನು, ಒಂದು ದಿನ ಕೋಲನ್ನು ಎತ್ತಿ ಅಳತೆಯನ್ನೇ ನೋಡಿದ. "ಈ ಭಾನುವಾರ ಸಂಜೆ ಊಟಕ್ಕೆ ಬರ್ತೇನೆ. ನೀವು ಹಿಡಿದ ಮೀನು ಇದ್ದರೆ ಕೈಮುಗೀತೇನೆ. ಇಲ್ಲದಿದ್ದರೆ ಇದು ನನಗೆ. ನಮ್ಮ ಹಾಲಿನ ಪರದೆಗೆ ಒಂದು ರಾಡ್ ಬೇಕಿತ್ತು."

"ಆಯ್ತು ಮಾರಾಯ," ಎಂದುಬಿಟ್ಟರು ಇವರು. ಮಾತು ಕೊಟ್ಟು ತಪ್ಪುವ ಜನವಲ್ಲ. ಕೋಲು ಹೋದರೆ ಇವರು ಮತ್ತೆ ಬಾಲ್ಕನಿಗೆ. ಮಾರಲ್ ಸಪೋರ್ಟಿಗೆಂದು ಆ ಭಾನುವಾರ ನಾನೂ ಹೊರಟೆ. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಪಾತಿ, ಬಿಸಿಲಿಗೆ ನನ್ನ ಮೆರೂನ್ ಕೊಡೆ.

ದೋಣಿಯಲ್ಲಿ ಮಾತನಾಡಬಾರದಂತೆ, ಮೀನು ಹೆದರುತ್ತದಂತೆ. ಮದುವೆಯಾದಂದಿನಿಂದ ನಾನು ಅಷ್ಟು ಹೊತ್ತು ಬಾಯಿಮುಚ್ಚಿ ಕೂತದ್ದಿಲ್ಲ. ದೋಣಿಯವನು ತೂಕಡಿಸುತ್ತಿದ್ದ. ಬಿಸಿಲು ಏರಿತು, ಕಾಫಿ ಮುಗಿಯಿತು. ಇದ್ದಕ್ಕಿದ್ದಂತೆ ಕೋಲು ಬಾಗಿತು. ಇವರು ಎಳೆದರು, ಸಡಿಲ ಬಿಟ್ಟರು, ಮತ್ತೆ ಎಳೆದರು. ಕೊನೆಗೆ ಮೊಳದಷ್ಟು ಉದ್ದದ ಒಂದು ರೋಹು, ಪಟಪಟನೆ ಬಡಿದುಕೊಳ್ಳುತ್ತ, ದೋಣಿಯೊಳಗೆ! ಇವರ ಕಣ್ಣಲ್ಲಿ ನೀರು. ಗಾಳ ಬಿಡಿಸಿ, ಮೊದಲ ಮಗುವನ್ನು ಕೊಟ್ಟ ಹಾಗೆ ನನ್ನ ಕೈಗೆ ಕೊಟ್ಟರು. "ಹಿಡ್ಕೋ, ಗಟ್ಟಿ ಹಿಡ್ಕೋ. ನಾನು ಚೀಲ ತೆಗೀತೇನೆ."

ಇಷ್ಟು ವರ್ಷದ ಅಭ್ಯಾಸ ನೋಡಿ. ಮೀನು ಕೈಗೆ ಬಂದದ್ದೇ ತಡ, ಹೆಬ್ಬೆರಳು ತಾನಾಗಿ ಹೋಗಿ ಕಿವಿರನ್ನು ಎತ್ತಿತು. ಕೆಂಪಗಿತ್ತು. ಆದರೆ ಮೆರೂನ್ ಕೊಡೆಯ ಕೆಳಗೆ ಯಾವ ಮೀನು ತಾನೇ ಕೆಂಪಗಿರುವುದಿಲ್ಲ? ಈ ಟ್ರಿಕ್ಕೆಲ್ಲ ನನಗೆ ಗೊತ್ತಿಲ್ಲವೆ! ಕೊಡೆ ಬದಿಗಿಟ್ಟು, ಬಿಸಿಲಿಗೆ ಹಿಡಿದು ಸರಿಯಾಗಿ ನೋಡಿಬಿಡೋಣವೆಂದು ಎದ್ದು ನಿಂತೆ.

"ಆಜೀ, ಬಸಾ, ಬಸಾ!" ಎಂದು ದೋಣಿಯವನು ಕಿರುಚಿದ. ಅಜ್ಜೀ ಕೂರಿ ಎಂದರೆ, ಕೂರುವುದಕ್ಕೆ ಅಷ್ಟರಲ್ಲಿ ದೋಣಿಯೇ ಇರಲಿಲ್ಲ. ನಾನು, ಇವರು, ಫ್ಲಾಸ್ಕು, ಚಪಾತಿ ಎಲ್ಲ ಒಟ್ಟಿಗೆ ಉಲ್ಹಾಸ್ ನದಿಗೆ. ಮುಳುಗುವಾಗ ಕಾನ್ವೆಂಟು ವಾಪಸು ಬಂತು: "ಹೆಲ್ಪ್! ಸಮ್‌ಬಡಿ ಪ್ಲೀಸ್ ಹೆಲ್ಪ್!" ಎಂದು ಶುದ್ಧ ಉಚ್ಚಾರದಲ್ಲಿ ಕೂಗಿದೆ.

"ನಿಂತ್ಕೋ ಮಾರಾಯ್ತಿ," ಎಂದರು ಇವರು ಪಕ್ಕದಿಂದ. "ಸೊಂಟದವರೆಗೆ ನೀರುಂಟು, ಅಷ್ಟೆ."

ನಿಂತೆ. ಕೊಡೆ ತೇಲಿಹೋಗುತ್ತಿತ್ತು. ಕೋಲನ್ನು ಇವರು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ನನ್ನ ಕೈ ಖಾಲಿ.

"ಏನು ನೋಡ್ತಾ ಇದ್ದಿ ನೀನು?"

"ಫ್ರೆಶ್ ಉಂಟಾ ಅಂತ."

ಬದ್ಲಾಪುರದಲ್ಲಿ ಇವರು ನನ್ನನ್ನು ಲೇಡೀಸ್ ಬೋಗಿಗೆ ಹತ್ತಿಸಿ, ಕೋಲು ಹಿಡಿದುಕೊಂಡು ತಾವು ಪಕ್ಕದ ಬೋಗಿಗೆ ಹೋದರು. ಒದ್ದೆ ಸೀರೆಯಲ್ಲಿ ಕೂತ ನನ್ನಿಂದ ಇಡೀ ಲೇಡೀಸ್ ಸೀಟು ದೂರ ಸರಿಯಿತು. ಲೋಕಲಿನಲ್ಲಿ ಅಷ್ಟು ವಿಶಾಲವಾಗಿ ನಾನು ಕೂತದ್ದು ಅದೊಂದೇ ಸಲ. ಸಾಂತಾಕ್ರೂಜಿನಲ್ಲಿ ಇಳಿದು, "ಮಾರ್ಕೆಟಿನಿಂದ ಒಂದು ರೋಹು ತಗೊಳ್ಳೋಣವಾ? ಸುಧಾಕರನಿಗೆ ಏನು ಗೊತ್ತಾಗ್ತದೆ?" ಎಂದೆ. "ಬೇಡ" ಎಂದರು.

ಸಂಜೆ ಸುಧಾಕರ ಬಂದ. ಬಟ್ಟಲಲ್ಲಿ ಮಂಗಳೂರು ಸೌತೆಯ ಸಾಂಬಾರ್. ಅವನ ಕಣ್ಣು ನೇರ ಮೂಲೆಯ ಕೋಲಿನ ಮೇಲೆ. "ಏನಣ್ಣಾ, ಸಿಗ್ಲಿಲ್ಲ ಅಲ್ವಾ?"

"ಸಿಕ್ಕಿತ್ತು," ಎಂದರು ನಮ್ಮವರು, ಅನ್ನ ಕಲಸುತ್ತ. "ನಿನ್ನ ಅತ್ತಿಗೆ ಕಿವಿರು ನೋಡಿ ವಾಪಸು ಕಳಿಸಿದಳು."

ಸುಧಾಕರ ನನ್ನ ಮುಖ ನೋಡಿದ. ಆಮೇಲೆ ಅಣ್ಣನಿಗೆ ಎರಡೂ ಕೈ ಮುಗಿದ. "ನಂಬಿದೆ ಅಣ್ಣಾ. ಬೇರೆ ಯಾರ ಹೆಸರು ಹೇಳಿದ್ದರೂ ನಂಬ್ತಿರಲಿಲ್ಲ." ಬಟ್ಟಲಿನ ಒಂದು ಸೌತೆ ಹೋಳನ್ನು ಬೆರಳಿನಿಂದ ಮಗುಚಿ ನೋಡಿ, "ಅತ್ತಿಗೇ, ಇದು ಪಾಸಾ?" ಎಂದ. ಅಷ್ಟು ಹೊತ್ತಿಗೆ ಇವರಿಗೆ ನಗು ತಡೆಯಲಾಗಲಿಲ್ಲ.

ಕೋಲು ನಮ್ಮಲ್ಲೇ ಉಳಿಯಿತು. ಬರುವ ಭಾನುವಾರ ನಾನೂ ಬರಬಹುದಂತೆ. ಷರತ್ತು ಒಂದೇ: ಏನೇ ಆದರೂ ದೋಣಿಯಲ್ಲಿ ಎದ್ದು ನಿಲ್ಲಕೂಡದು. ಪ್ರಾಮಿಸ್ ಮಾಡಿದ್ದೇನೆ, ಮಾಡಿದ ಮೇಲೆ ನಡೆಸಿಕೊಡುವವಳೇ. ನಿನ್ನೆ ಹೋಗಿ ಹೊಸ ಕೊಡೆಯನ್ನೂ ತಂದಿಟ್ಟಿದ್ದೇನೆ. ಬಿಳಿಯದು. ಕೂತಲ್ಲಿಂದಲೇ ಕಿವಿರಿನ ಬಣ್ಣ ಸರಿಯಾಗಿ ಕಾಣಬೇಕಲ್ಲ.