ಕಪ್ಪಾದ ಸರ

ರಮ್ಜಾನ್ ಹಬ್ಬದ ಬೆಳಿಗ್ಗೆ ಬೀರು ತೆರೆದ ಹನೀಫ್ ಎದೆ ಹಿಡಿದುಕೊಂಡ. ಹೆಂಡತಿ ಜಕಿಯಾಗೆ ಅವಳ ತಾಯಿ ಬೆಂಗಳೂರಿನಿಂದ ಕಳಿಸಿದ್ದ ಬೆಳ್ಳಿ ಸರ ಬಾಣಲೆಯ ತಳದ ಹಾಗೆ ಕಪ್ಪಗಿತ್ತು! ಪಾರ್ಸಲ್ ಬಂದಾಗ ಅವನು ಮೀಟಿಂಗಿನಲ್ಲಿದ್ದ. ಸರ ನೋಡಿದ್ದು ಇದೇ ಮೊದಲು.

ಯಾರ ತಪ್ಪೆಂದು ಹುಡುಕಬೇಕಾಗಿರಲಿಲ್ಲ. ಹೈಡ್ರೋಜನ್ ಸಲ್ಫೈಡ್ ಅನಿಲ ಉಕ್ಕಿನ ಪೈಪುಗಳನ್ನು ಹೇಗೆ ತಿನ್ನುತ್ತದೆಂದು ಪರೀಕ್ಷಿಸುವುದೇ ರಾಟರ್‌ಡ್ಯಾಮಿನಲ್ಲಿ ಅವನ ಕೆಲಸ. ಕೊರೋನಾದಿಂದ ಲ್ಯಾಬು ಮುಚ್ಚಿತ್ತು. ವಿದ್ಯಾರ್ಥಿಗಳಿಗೆ ಮಾಡುವ ಆನ್‌ಲೈನ್ ಪಾಠಕ್ಕೆಂದು ಬೇಯಿಸಿದ ಮೊಟ್ಟೆಗಳ ಜೊತೆ ತಾಮ್ರದ ತುಂಡೊಂದನ್ನು ಡಬ್ಬಿಗೆ ಹಾಕಿ ರಾತ್ರಿ ಅದೇ ಬೀರುವಿನಲ್ಲಿಟ್ಟಿದ್ದ. ಮೊಟ್ಟೆಯಿಂದ ಹೊರಡುವುದೂ ಅದೇ ಅನಿಲ; ತಾಮ್ರ, ಬೆಳ್ಳಿಯನ್ನು ಕಪ್ಪಾಗಿಸುವುದೂ ಅದೇ. ಮುಚ್ಚಳ ಸಡಿಲವಾಗಿತ್ತು.

ಜಕಿಯಾ ಶ್ಯಾವಿಗೆ ತರಲು ಪಕ್ಕದ ದ ಹೇಗ್ ನಗರಕ್ಕೆ ಹೋಗಿದ್ದಳು. ಹನೀಫ್ ಪಾತ್ರೆಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಅಡುಗೆ ಸೋಡ, ಕುದಿಯುವ ನೀರು ಸುರಿದು ಸರ ಮುಳುಗಿಸಿದ. ಕಪ್ಪು ಬಿಡತೊಡಗಿತು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯೂ ಮೆಟ್ಟಿಲು ಹತ್ತಿ, ಇಳಿದು ಹೊರಟಿತು.

ಮೇಲಿನ ಮನೆಯ ಗೋವಿಂದರಾಜು ಬಾಗಿಲು ಬಡಿದರು. "ಹನೀಫ್ ಅವ್ರೇ, ಗ್ಯಾಸ್ ಲೀಕು!"

"ಇಲ್ಲ ಸಾರ್, ಇದು ಬರೀ ಹೈಡ್ರೋಜನ್ ಸಲ್ಫೈಡು. ಚೂರೇ ಚೂರು."

"ಕಬ್ಬಿಣಾನೇ ತಿನ್ನತ್ತೆ ಅಂದಿದ್ರಲ್ಲ, ಅದಾ? ಇನ್ನು ನಾನ್ಯಾವ ಲೆಕ್ಕ!"

ಹತ್ತೇ ನಿಮಿಷದಲ್ಲಿ ಇಡೀ ಕಟ್ಟಡದವರು ಬೀದಿಯಲ್ಲಿದ್ದರು, ಒಬ್ಬರಿಂದೊಬ್ಬರು ಒಂದೂವರೆ ಮೀಟರ್ ದೂರದಲ್ಲಿ, ನಾಟಿ ಮಾಡಿದ ಸಸಿಗಳ ಹಾಗೆ. ಕೆಳಗಿನ ಮನೆಯ ಡಚ್ ಅಜ್ಜಿ ಕರೆಸಿದ ಗ್ಯಾಸಿನವನು ಮೀಟರು ಹಿಡಿದು ಮನೆಯೆಲ್ಲ ಸುತ್ತಿ ಬಂದ.

"ಲೀಕೇನೂ ಇಲ್ಲ. ಒಳಗೆ ಏನು ಬೇಯಿಸ್ತಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಹೆಂಡತಿಯ ಸರ," ಎಂದ ಹನೀಫ್.

ಗ್ಯಾಸಿನವನು ಅದನ್ನು ಬರೆದುಕೊಳ್ಳಲಿಲ್ಲ. ಅಜ್ಜಿ ಇನ್ನೂ ಅರ್ಧ ಮೀಟರ್ ಹಿಂದೆ ಸರಿದಳು.

ಅಷ್ಟರಲ್ಲಿ ಚೀಲ ಹೊತ್ತು ಜಕಿಯಾ ಬಂದಳು. ಹನೀಫ್ ಓಡಿಹೋಗಿ ಸರ ತಂದು ಬಿಸಿಲಿಗೆ ಹಿಡಿದ. ಅದು ಫಳಫಳ ಹೊಳೆಯಿತು. ನೆರೆಯವರು ಚಪ್ಪಾಳೆ ತಟ್ಟಿದರು.

"ತಪ್ಪು ನಂದೇ ಜಕಿಯಾ, ಕಪ್ಪಾಗಿತ್ತು. ಈಗ ನೋಡು, ಹೊಸದರ ಹಾಗೆ ಮಾಡಿದ್ದೀನಿ!"

ಜಕಿಯಾ ಚೀಲ ಕೆಳಗಿಟ್ಟಳು. "ಯಾ ಅಲ್ಲಾ! ಅದು ಆಕ್ಸಿಡೈಸ್ಡ್ ಬೆಳ್ಳಿ ರೀ! ಅಕ್ಕಸಾಲಿಗ ಗಂಧಕದ ನೀರಲ್ಲಿ ಅದ್ದಿ ಬೇಕಂತಲೇ ಕಪ್ಪು ಮಾಡಿರ್ತಾನೆ. ಆ ಕಪ್ಪಿಗೋಸ್ಕರ ಅಮ್ಮಿ ಮಾಸ್ಕ್ ಹಾಕ್ಕೊಂಡು ಆರು ಅಂಗಡಿ ಸುತ್ತಿದಾರೆ!"

ಹನೀಫ್ ಸರವನ್ನು ಬೆನ್ನ ಹಿಂದೆ ಅಡಗಿಸಿದ.

"ಸಂಜೆ ಆರಕ್ಕೆ ಅಮ್ಮಿ ವಿಡಿಯೊ ಕಾಲು. ಅಷ್ಟರೊಳಗೆ ಮೊದಲಿನ ಥರಾನೇ ಕಪ್ಪು ಮಾಡಿಕೊಡಿ. ಅದೇ ತಾನೇ ನಿಮ್ಮ ಕೆಲಸ?"

ಮನೆಗೆ ಹೋಗಲು ಅರ್ಧ ಮೆಟ್ಟಿಲು ಹತ್ತಿದ್ದ ಗೋವಿಂದರಾಜು ಇಳಿದು ಬಂದು ಬೀದಿಯ ಬೆಂಚಿನ ಮೇಲೆ ಕುಳಿತರು. "ನಾನು ಆರಾದ ಮೇಲೇ ಒಳಗೆ ಬರ್ತೀನಮ್ಮ," ಎಂದರು.